ನರಸೀಪುರಕ್ಕೆ ಹೋದ ಪಿಂಗಾಣಿ ಹೆಂಗಸು

ಬೆಳಗ್ಗೆ ಎಂಟೂಕಾಲಿನ ಬಸ್ಸಿಗೆ ನಂಜನಗೂಡು ಬಿಟ್ಟೆ. ತೊಡೆಯ ಮೇಲೆ ಬುಟ್ಟಿ, ಅದರೊಳಗೆ ಎರಡು ಹಳೇ ಕಾಟನ್ ಸೀರೆ ಸುತ್ತಿದ ಪಿಂಗಾಣಿ ಬೊಂಬೆ. ಯೂರೋಪಿನ ಹೆಂಗಸು, ಮೊಳದೆತ್ತರ, ಅಗಲ ಘೇರಿನ ಲಂಗ, ಕೈಯಲ್ಲಿ ಬೀಸಣಿಗೆ. ಮೈಸೂರಿನ ಯಾವುದೋ ಬಂಗಲೆಯ ಸಾಮಾನು ಹರಾಜಾದಾಗ ಅಮ್ಮ ಕೊಂಡು, ನನ್ನ ಮದುವೆಯಲ್ಲಿ ಕೊಟ್ಟಿದ್ದು. ಅಮ್ಮ ಈಗಿಲ್ಲ. ವಾರಕ್ಕೊಮ್ಮೆ ಮಕ್ಕಳ ಪೇಂಟಿಂಗ್ ಬ್ರಷ್ಷಿನಲ್ಲಿ ಅದರ ಧೂಳು ತೆಗೆಯುವವಳು ನಾನೊಬ್ಬಳೇ.

ನರಸೀಪುರದಲ್ಲಿರುವ ನಮ್ಮ ಯಜಮಾನರ ಅಕ್ಕನಿಗೆ ಅದು ಒಂದು ದಿನದ ಮಟ್ಟಿಗೆ ಬೇಕಿತ್ತು. ಮಗಳು ಶೈಲಾಳನ್ನು ನೋಡಲು ಗಂಡಿನವರು ಬರುವವರಿದ್ದರು. "ಶೋಕೇಸು ಖಾಲಿ ಹೊಡೀತದೆ ಕಣಮ್ಮ. ಸ್ಟೀಲ್ ಲೋಟ ಜೋಡಿಸಿದ್ರೆ ಏನಂದ್ಕೊಂಡಾರು?" ಎಂದು ಫೋನಿನಲ್ಲಿ ಮೂರು ಸಲ ಹೇಳಿದರು. "ಸಂಜೆ ವಾಪಸ್ ತಂದರಾಯಿತು" ಅಂದರು ಯಜಮಾನರು. ಹೊರುವವಳು ನಾನಲ್ಲವೇ.

ಮೂವತ್ತು ಚಿಲ್ಲರೆ ಕಿಲೋಮೀಟರು, ಎಂಟು ರೂಪಾಯಿ ಟಿಕೆಟ್ಟು, ಸಿಕ್ಕಿದ ಸೀಟು ಹಿಂದಿನ ಚಕ್ರದ ಮೇಲೆ. ಸುತ್ತೂರು ಬರುವಷ್ಟರಲ್ಲಿ ಹಳ್ಳ ಬಂದಾಗಲೆಲ್ಲ ಬುಟ್ಟಿ ಎತ್ತಿಹಿಡಿದು ತೋಳು ಸೋತಿತ್ತು. ಪಕ್ಕದಲ್ಲಿದ್ದ ಸೊಪ್ಪಿನ ಅಜ್ಜಿ, "ಕೂಸೇನವ್ವ?" ಅಂದಳು. ಬೊಂಬೆ ಅಂದೆ.

"ಬೊಂಬೆಗಾ ಎಲ್ಡು ಸೀರೆ? ನಂಗಿರಾದೇ ಮೂರು."

ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ್ದು ನೆನಪಾಯಿತು. ಹದಿನೆಂಟನೇ ಶತಮಾನದ ಯೂರೋಪಿನಲ್ಲಿ ಮನೆತನದ ಅಂತಸ್ತನ್ನು ಪಿಂಗಾಣಿಯಿಂದ ಅಳೆಯುತ್ತಿದ್ದರಂತೆ. ರಾಜರು ಅದಕ್ಕೆಂದೇ ಕೋಣೆ ಕಟ್ಟಿಸಿ, ಗೋಡೆ ತುಂಬ ಜೋಡಿಸಿ, ಬಂದವರಿಗೆ ತೋರಿಸುತ್ತಿದ್ದರು. ಸಂಬಂಧ ಬೆಳೆಸುವಾಗ ಅದನ್ನೇ ಉಡುಗೊರೆ ಕಳಿಸುತ್ತಿದ್ದರು. ಒಬ್ಬನಂತೂ ನೂರಾರು ಸೈನಿಕರನ್ನು ಪಕ್ಕದ ರಾಜನಿಗೆ ಕೊಟ್ಟು ಹೂಜಿಗಳನ್ನು ತರಿಸಿಕೊಂಡನಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತ್ತು. ಈಗ ನಗು ಬರಲಿಲ್ಲ.

ಆಟೋ ಕುಲುಕುತ್ತದೆಂದು ಬಿಸಿಲಲ್ಲಿ ನಡೆದೇ ಅತ್ತಿಗೆಯ ಮನೆ ತಲುಪಿದೆ. ಟಿವಿಯ ಮೇಲಿನ ಶೋಕೇಸಿನಲ್ಲಿ, ಪ್ಲಾಸ್ಟಿಕ್ ಗುಲಾಬಿಯ ಪಕ್ಕ ಬೊಂಬೆಯನ್ನು ನಿಲ್ಲಿಸಿದರು. "ಫಾರಿನ್ದು ಅನ್ನು. ಇನ್ನೇನೂ ಹೇಳ್ಬೇಡ" ಎಂದು ನನಗೆ ಅಪ್ಪಣೆಯಾಯಿತು.

ಹನ್ನೊಂದಕ್ಕೆ ಹೆಮ್ಮಿಗೆಯಿಂದ ಗಂಡಿನವರು ಬಂದರು. ಕೇಸರಿಬಾತು, ಬೋಂಡ, ಕಾಫಿ ಆಯಿತು. ಗಂಡಿನ ತಾಯಿ ಶೈಲಾಳನ್ನು ಒಂದು ಸಲ ನೋಡಿದರು, ಬೊಂಬೆಯನ್ನು ನಾಲ್ಕು ಸಲ.

"ಎಷ್ಟು ಲಕ್ಷಣವಾಗವಳೆ. ಬೀಸಣಿಗೆ ಅಂಚು ನೋಡಿ, ಅಪ್ಪಳದಂಗದೆ."

"ಇಷ್ಟ ಆಯ್ತಾ? ಹಾಗಾದ್ರೆ ಅದು ನಿಮ್ಮದೇ ಅಂದ್ಕೊಳ್ಳಿ" ಅಂದರು ಅತ್ತಿಗೆ. ಎಲೆಅಡಿಕೆ, ತೆಂಗಿನಕಾಯಿ, ರವಿಕೆ ಕಣ ಇದ್ದ ತಟ್ಟೆಯಲ್ಲಿ ನನ್ನ ಬೊಂಬೆಯನ್ನೂ ನಿಲ್ಲಿಸಿ, ತಟ್ಟೆಯನ್ನು ನನ್ನ ಕೈಗೇ ಕೊಟ್ಟರು. "ನೀನೇ ಕೊಡಮ್ಮ."

ತಾಂಬೂಲದ ತಟ್ಟೆಗೆ ಬಂದದ್ದನ್ನು ನನ್ನದು ಎನ್ನುವುದು ಹೇಗೆ? ಗಂಡಿನ ತಾಯಿಗೆ ಅರಿಶಿನ ಕುಂಕುಮ ಹಚ್ಚಿ ಕೊಟ್ಟೆ. ಆಕೆ ಅಷ್ಟೇ ಭಕ್ತಿಯಿಂದ ಬೊಂಬೆಯ ಹಣೆಗೂ ಒಂದು ಬೊಟ್ಟು ಕುಂಕುಮ ಇಟ್ಟರು.

ಅವರು ಹೋದಮೇಲೆ ಅತ್ತಿಗೆ, "ಎಲ್ಲಿಗೂ ಹೋಗಿಲ್ಲ ಬಿಡು, ಬೀಗರ ಮನೇಲಿರುತ್ತೆ" ಅಂದರು. ನಾನು ಕಾಫಿ ಲೋಟಗಳನ್ನು ಬೇಕಂತಲೇ ಸದ್ದುಮಾಡಿ ತೊಳೆದೆ.

ನಾಲ್ಕೂವರೆ ಬಸ್ಸಿಗೆ ಕಳಿಸಲು ಶೈಲಾ ಜೊತೆಗೆ ಬಂದಳು. ಬಸ್ ಸ್ಟ್ಯಾಂಡಿನಲ್ಲಿ ಮೆಲ್ಲಗೆ, "ಅತ್ತೆ, ನಂಗೆ ಆ ಹುಡುಗ ಬೇಡ. ಇದ್ದಷ್ಟು ಹೊತ್ತೂ ಟಿವಿ ನೋಡ್ತಿದ್ದ. ಯಾವಾಗಲಾದ್ರೂ ಅಪ್ಪಂಗೆ ಹೇಳ್ತೀನಿ" ಅಂದಳು.

ನನಗೆ ರೇಗಿಹೋಯಿತು. "ಆ ತಟ್ಟೆ ನನ್ನ ಕೈಗೆ ಬರೋಕೆ ಮುಂಚೆ ಹೇಳೋಕೇನಾಗಿತ್ತೇ?"

"ಅಷ್ಟು ಜನದ ಮುಂದೆ ಹೇಗೆ ಹೇಳ್ಲಿ? ನೀವು ಹೇಳಿದ್ರಾ?"

ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತೇ, "ಯಾವಾಗಲಾದ್ರೂ ಅಲ್ಲ, ಈಗ ಹೋಗಿ ಹೇಳು" ಅಂದೆ. ಸೀಟು ಹಿಡಿದು ಕಿಟಕಿಯಲ್ಲಿ ಹಿಂದಿರುಗಿ ನೋಡಿದರೆ, ನಿಂತಲ್ಲಿ ಅವಳಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯ ಕಡೆ ಬಿರಬಿರನೆ ಹೋಗುತ್ತಿದ್ದಳು.