ಬಲೆಚೀಲದಲ್ಲಿ ತೂಗಿದ ಹೇಂಟೆ

ಜೇಜು ದ್ವೀಪದ ಆ ಊರಿನಲ್ಲಿ ಮದುವೆಯಿರಲಿ, ತಿಥಿಯಿರಲಿ, ಕೋಳಿ ಕೊಯ್ಯಲು ಚುನ್‌ಜಾಳಿಗೇ ಕರೆ ಬರುತ್ತಿತ್ತು. ಕಡಲಲ್ಲಿ ಮುಳುಗಿ ಚಿಪ್ಪು ಕೀಳುವ ಆ ಗಟ್ಟಿಗಿತ್ತಿಗೆ ಅದು ಮೂಲಂಗಿ ಹೆಚ್ಚಿದಷ್ಟೇ ಸಲೀಸು. ಅಂಥವಳು ಬಾರ್ಲಿ ಕುಯ್ಲಿನ ಹೊತ್ತಿಗೆ ಒಂದು ಕಂದು ಹೇಂಟೆಯ ಮುಂದೆ ಚಾಕು ಎತ್ತಲಾರದೆ ಕೂತಳು.

ಹೇಂಟೆ ಮೊದಲು ಕುಂಟಿತು. ಆಮೇಲೆ ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಕಲ್ಲುಗೋಡೆಯ ಬುಡದಲ್ಲಿ ಬಿದ್ದುಬಿಟ್ಟಿತು. ಉಳಿದ ಕೋಳಿಗಳು ಅದರ ಜುಟ್ಟು ಕುಕ್ಕಿ ರಕ್ತ ಬರಿಸಿದವು. ಚುನ್‌ಜಾ ಅದನ್ನು ಒಳಗೆ ತಂದು, ಚಿಪ್ಪು ತುಂಬುವ ಹಳೆಯ ಬಲೆಚೀಲದಲ್ಲಿ ಕೂರಿಸಿ, ಪಾದ ನೆಲಕ್ಕೆ ತಾಗುವಂತೆ ತೊಲೆಗೆ ತೂಗುಹಾಕಿದಳು. ಬಾರ್ಲಿ ಗಂಜಿಗೆ ಬೆಳ್ಳುಳ್ಳಿ ಅರೆದು ಹಾಕಿ ಚಮಚದಲ್ಲಿ ಕುಡಿಸಿದಳು. ಇದು ನರದ ರೋಗ, ಕಾಲು ಮರಳಿ ಬರುವುದಿಲ್ಲ ಎಂದು ಪೇಟೆಯ ಪಶುವೈದ್ಯರು ಫೋನಿನಲ್ಲೇ ಹೇಳಿದರು. ಚುನ್‌ಜಾ ಕೇಳಿಸಿಕೊಂಡು ಮತ್ತೆ ಗಂಜಿ ಕಲಕಿದಳು.

ಜೊತೆಗೆ ಮುಳುಗುವ ಮಾಲ್‌ಸುನ್ ಬಂದು ನೋಡಿ ನಕ್ಕಳು. “ನಾನು ಜ್ವರ ಬಂದು ಬಿದ್ದಿದ್ದಾಗ ಒಂದು ಬಟ್ಟಲು ಗಂಜಿ ತರ್ಲಿಲ್ಲ ನೀನು. ಮುಂದಿನ ಸಲ ಮೈಗೆ ಪುಕ್ಕ ಅಂಟಿಸ್ಕೊಂಡು ಮಲಗ್ತೀನಿ ಬಿಡು.”

ಬಲೆಚೀಲ ತೂಗುತ್ತಿದ್ದುದು ಚುನ್‌ಜಾಳ ತಂಗಿ ಒಕ್‌ಸಿಲ್‌ಳ ಹಾಸಿಗೆಯ ಪಕ್ಕದಲ್ಲಿ. ಅವಳೂ ಕಡಲಿಗಿಳಿಯುತ್ತಿದ್ದವಳೇ. ಅಲೆಯೊಂದು ಬಂಡೆಗೆ ಅಪ್ಪಳಿಸಿ ಬೆನ್ನು ಮುರಿದ ಮೇಲೆ ಸೊಂಟದಿಂದ ಕೆಳಗೆ ಅವಳಿಗೇನೂ ತಿಳಿಯುತ್ತಿರಲಿಲ್ಲ. ಅಕ್ಕ ಇಲ್ಲದಾಗ ಅವಳೇ ಹೇಂಟೆಯ ಕಾಲು ತಿಕ್ಕುತ್ತಿದ್ದಳು. ಒಮ್ಮೆ ಅದು ಅವಳ ಅಂಗೈಯಿಂದ ಕಾಳು ಕುಕ್ಕಿ ತಿಂದಿತು. ಚುನ್‌ಜಾ ಅದನ್ನು ದಡದಲ್ಲಿದ್ದವರಿಗೆಲ್ಲ ಹೇಳಿಕೊಂಡು ಬಂದಳು. ಆದರೆ ಆ ವಾರವೇ ಅದರ ರೆಕ್ಕೆಯೂ ಜೋತುಬಿತ್ತು, ಗಂಜಿ ಕೊಕ್ಕಿನಿಂದ ಹೊರಗೆ ಸೋರತೊಡಗಿತು.

“ಅಕ್ಕಾ, ಅದರ ಕತ್ತು ತಿರುಚಿಬಿಡು,” ಎಂದಳು ಒಕ್‌ಸಿಲ್. “ವಾಸಿಯಾಗಲ್ಲ ಅಂತ ಗೊತ್ತಿದ್ದೂ ಯಾಕೆ ಸತಾಯಿಸ್ತೀಯ?”

“ಬಾಯ್ಮುಚ್ಚು. ನಿನಗೂ ಹಂಗೇ ಹೇಳಿದ್ರು.”

“ಅದಕ್ಕೇ ಹೇಳ್ತಿರೋದು.”

ಚುನ್‌ಜಾ ಎದ್ದು ಅಂಗಳಕ್ಕೆ ಹೋದಳು. ಗುಡಿಸಿದ್ದ ಜಾಗವನ್ನೇ ಮತ್ತೆ ಗುಡಿಸಿದಳು.

ಮರುದಿನ ಅವಳು ಕಡಲಿಂದ ಬರುವಾಗ ಬಲೆಚೀಲ ಖಾಲಿಯಿತ್ತು. ಹೇಂಟೆ ಒಕ್‌ಸಿಲ್‌ಳ ಎದೆಯ ಮೇಲೆ ಕತ್ತು ಜೋಲಿಸಿ ಮಲಗಿತ್ತು. ತಂಗಿಯ ಕೈ ಇನ್ನೂ ಅದರ ಬೆನ್ನು ಸವರುತ್ತಿತ್ತು.

“ಹೋಯ್ತಾ?” ಎಂದಳು ಚುನ್‌ಜಾ.

“ನಾನೇ ಕಳಿಸ್ದೆ. ಒದ್ದಾಡ್ಲಿಲ್ಲ ಅಕ್ಕ.” ಹೇಂಟೆಯನ್ನು ಅಕ್ಕನತ್ತ ಚಾಚಿ ಒಕ್‌ಸಿಲ್ ಅಂದಳು, “ನಿನ್ನ ಕೈಲಿ ಆಗಲ್ಲ ಅಂತ ನಂಗೊತ್ತಿತ್ತು.”

ಚುನ್‌ಜಾ ಹೇಂಟೆಯನ್ನು ಕಿತ್ತಳೆ ಗಿಡಗಳ ಸಾಲಿನಾಚೆ ಹೂತಳು. ಒದ್ದೆ ಉಡುಪು ಮೈಮೇಲೇ ಇತ್ತು. ಒಳಗೆ ಬಂದು ಚಾಕು, ಕುಡುಗೋಲು, ಚಿಪ್ಪು ಕೀಳುವ ಕಬ್ಬಿಣ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಮಾಲ್‌ಸುನ್‌ಳ ಮನೆಗೆ ಕೊಟ್ಟು ಬಂದಳು. “ಇವು ಒಕ್‌ಸಿಲ್ ಕೈಗೆ ಸಿಗೋದು ಬೇಡ,” ಎಂದಷ್ಟೇ ಹೇಳಿದಳು.

ಆಮೇಲೆ ಚುನ್‌ಜಾ ನೀರಿಗಿಳಿಯಲಿಲ್ಲ. ಮಾಲ್‌ಸುನ್ ಗೋಡೆಯಾಚೆಯಿಂದ ಕೂಗಿದರೆ ಕಿವಿನೋವು ಅನ್ನುತ್ತಿದ್ದಳು. ಬಾಗಿಲಲ್ಲಿ ಕೂತು ಬರಿಗೈಯಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಒಳಗೆ ಒಕ್‌ಸಿಲ್ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಹೊತ್ತಿಗೊಮ್ಮೆ ಅಕ್ಕ ಎದ್ದು ಹೋಗಿ ಅವಳನ್ನು ಮಗ್ಗುಲು ಹೊರಳಿಸಿ, ಮತ್ತೆ ಬಂದು ಬಾಗಿಲಲ್ಲಿ ಕೂರುವಳು.