ಫಲಕದ ಕೊನೆಯ ಸಾಲು

ನಮ್ಮ ಪಕ್ಕದ ಮನೆಯ ದೊಡ್ಡ ಸೊಸೆ ಇಪ್ಪತ್ತೆರಡು ವರ್ಷ ಮಸೀದಿ ಮೂಲೆಯ ಹಳೆಯ ಕಾರಂಜಿಯನ್ನು ನೋಡಿಕೊಂಡವಳು. ದಾರಿಹೋಕರ ಬಾಯಾರಿಕೆಗೆಂದು ಎಂದೋ ಕಟ್ಟಿಸಿದ್ದು. ಮೂರು ಹಿತ್ತಾಳೆ ನಳ, ಅವುಗಳ ಮೇಲೆ ಅಕ್ಷರ ಕೊರೆದ ಕಲ್ಲಿನ ಫಲಕ. ನಳ ಉಜ್ಜುವುದನ್ನು ಅತ್ತೆ ಕಲಿಸಿದ್ದರು. ಶುಕ್ರವಾರ ಫಲಕಕ್ಕೆ ಎಣ್ಣೆ ಸವರುವುದು ಮಾತ್ರ ಇವಳದೇ ಸೇರ್ಪಡೆ. ಅಕ್ಷರ ಕಪ್ಪಗೆ ಮಿನುಗಬೇಕಲ್ಲ!

ಕಲ್ಲು ಚಕ್ಕೆ ಏಳತೊಡಗಿದಾಗ ದುರಸ್ತಿಯ ತಂಡ ಬಂತು. ಅದರ ಮುಖ್ಯಸ್ಥೆ ಇವಳ ವಾರಗಿತ್ತಿಯೇ, ಬೇರೆ ಊರಿನಲ್ಲಿ ನೆಲೆಸಿದ ಚಿಕ್ಕ ಸೊಸೆ. ಹಳೆಯ ಕಟ್ಟಡ ಉಳಿಸುವ ವಿದ್ಯೆ ಓದಿದವಳು. ಬೀದಿಯವರು "ಮೇಡಂ, ಮೇಡಂ" ಎಂದು ಕುರ್ಚಿ ಹಾಕಿದರು. ದೊಡ್ಡವಳ ಹೊಟ್ಟೆಗೆ ಬೆಂಕಿ ಬಿತ್ತು.

"ಇಷ್ಟು ವರ್ಷ ನಂಗೊಂದು ಮಣೆ ಕೊಟ್ಟೋರಿಲ್ಲ," ಎಂದಳು ನನ್ನ ಹತ್ತಿರ.

ಅಟ್ಟಣಿಗೆಯ ಮೇಲಿಂದ ಚಿಕ್ಕವಳ ಕೂಗು ಕೇಳಿಸಿತು. "ಎಣ್ಣೆ ಮೆತ್ತಿದ ಪುಣ್ಯಾತ್ಮರು ಯಾರಪ್ಪಾ? ಒಳಗಿನ ತೇವ ಹೊರಗೆ ಬರೋಕಾಗ್ದೆ ಕಲ್ಲು ಒಡೆದಿದೆ. ಕೊನೇ ಸಾಲು ಪೂರ್ತಿ ಹೋಯ್ತು."

ಆ ಸಾಲಿನ ಚಿತ್ರ ಎಲ್ಲೂ ಇರಲಿಲ್ಲ. ಊಹಿಸಿ ಕೆತ್ತುವಂತಿಲ್ಲ, ಖಾಲಿ ಬಿಡುವುದೆಂದಾಯಿತು. ಉಳಿದ ಸಾಲುಗಳಲ್ಲಿ ಇದ್ದದ್ದು ಆ ಕಾಲದಲ್ಲಿ ಊರಾಳುತ್ತಿದ್ದ ಅಮೀರನ ಹೊಗಳಿಕೆ ಮಾತ್ರ.

ನಾಲ್ಕನೆಯ ದಿನ ದೊಡ್ಡವಳು ಬಟ್ಟೆ ಒಣಗಿಸುತ್ತಾ ನನಗೆ ಹೇಳಿದಳು: ಅತ್ತೆ ಅಕ್ಷರದ ಮೇಲೆ ಬೆರಳಾಡಿಸಿ ಆ ಸಾಲನ್ನು ಬಾಯಿಪಾಠ ಮಾಡಿಸಿದ್ದರಂತೆ. 'ಕುಡಿದವರೇ, ಕಟ್ಟಿಸಿದ ವಿಧವೆಗೊಂದು ದುವಾ ಮಾಡಿ.'

"ಹೋಗಿ ಅವಳಿಗೆ ಹೇಳ್ಬಿಡು ಮಾರಾಯ್ತಿ," ಎಂದೆ.

"ಹೇಳಿದ್ರೆ ಹೊಗಳಿಕೆ ಅವಳಿಗೆ, ಎಣ್ಣೆ ಹಚ್ಚಿದ ಬೈಗುಳ ನಂಗೆ."

"ಆ ತಾಯಿಗೆ ಸೇರ್ಬೇಕಾದ ದುವಾ ನಿಂತ್ಹೋಗುತ್ತಲ್ಲ?"

"ನೀನೂ ಅವಳ ಕಡೆನಾ?" ಎಂದು ದುರುಗುಟ್ಟಿದಳು. ಒದ್ದೆ ಬಟ್ಟೆಯನ್ನು ಬುಟ್ಟಿಗೆ ಎಸೆದು ನೇರ ಕಾರಂಜಿಗೆ ನಡೆದಳು. ನಾನೂ ಹಿಂದೆಯೇ ಹೋದೆ.

"ಏಯ್, ಬರ್ಕೋ. ಎಣ್ಣೆ ಹಚ್ಚಿದ್ದು ನಾನೇ," ಎಂದವಳೇ ಒಂದೇ ಉಸಿರಿಗೆ ಸಾಲು ಒಪ್ಪಿಸಿದಳು.

ಚಿಕ್ಕವಳು ಏಣಿಯಿಂದ ಇಳಿದಳು. ಅವಳ ಕಣ್ಣು ತುಂಬಿತ್ತು. "ಅಕ್ಕಾ, ಅಮೀರ ಕಟ್ಟಿಸಿದ್ದು ಅಂತ ಬರೆದುಬಿಡ್ತಿದ್ದೆ ನಾನು! ವರದಿಯಲ್ಲಿ ನಿಮ್ಮ ಹೆಸರೂ ಹಾಕ್ತೀನಿ."

"ನಿನ್ನ ಹೆಸರಿನ ಕೆಳಗಾದ್ರೆ ಬೇಡ."

"ಮೇಲಾದ್ರೆ?"

ದೊಡ್ಡವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೇಲಾದ್ರೆ ಹಾಕು. ದಪ್ಪ ಅಕ್ಷರದಲ್ಲಿ."