ಕ್ರಿಸ್‌ಮಸ್ ಗಿಡಕ್ಕೆ ಕಟ್ಟಿದ ತೊಟ್ಟಿಲು

ಉಮಾಶ್ರೀ ರೊಟ್ಟಿ ತಟ್ಟುವ ಸದ್ದು ಬಿಟಿಎಂ ಲೇಔಟಿನ ಆ ಖಾನಾವಳಿಯ ಗಿರಾಕಿಗಳಿಗೆಲ್ಲ ಗೊತ್ತು. ಆ ಸದ್ದು ಕೇಳಿದರೆ ನಮ್ಮವ್ವನ ನೆನಪಾಗುತ್ತದೆ ಎನ್ನುತ್ತಾ ಊಟಕ್ಕೆ ಕೂರುತ್ತಾರೆ. ಹೀಗೆ ಊರವರಿಗೆಲ್ಲ ಅವ್ವನ ನೆನಪು ತಂದುಕೊಡುವವಳನ್ನು ಅವ್ವಾ ಎಂದು ಕರೆಯಲು ಮಾತ್ರ ಯಾರೂ ಇಲ್ಲ. ಹಲ್ಲಿದ್ದವರಿಗೆ ಕಡಲೆ ಕೊಡಬಾರದೆಂದು ದೇವರು ಅದೆಲ್ಲಿ ಕಲಿತನೋ.

ಗದಗಿನ ಕಡೆಯವಳು. ಗಂಡ ಚನ್ನವೀರ ಆಫೀಸಿನವರ ಕ್ಯಾಬ್ ಓಡಿಸುತ್ತಾನೆ. ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಗಿತ್ತು. ಮೂರನೆಯದು ನಿಂತಾಗ ಡಾಕ್ಟರು, ದೂರದ ಬಸ್ಸು ಹತ್ತಲೇಕೂಡದು ಎಂದರು. ಊರಲ್ಲಿದ್ದ ಅತ್ತೆ ಮುರಿಗೆವ್ವನಿಗೆ ಅದೇ ಸಂಕಟವಾಯಿತು. ಆ ಮನೆತನದ ಬಸುರಿಯರು ಗುಡ್ಡದ ಮೇಲಿನ ಬನ್ನಿಗಿಡಕ್ಕೆ ಆಟಿಕೆಯ ತೊಟ್ಟಿಲು ಕಟ್ಟಿ, ಕೂಸು ಉಳಿಯಲಿ ಎಂದು ಹರಕೆ ಹೊರುವುದು ಹಿಂದಿನಿಂದ ಬಂದ ಪದ್ಧತಿ. ಕಟ್ಟಬೇಕಾದವಳು ಬೆಂಗಳೂರಲ್ಲಿ, ಗಿಡ ಗುಡ್ಡದ ಮೇಲೆ. ಕೊನೆಗೆ ಮುರಿಗೆವ್ವ ಅಂಗೈಯಗಲದ ಕೆಂಪು ಮರದ ತೊಟ್ಟಿಲೊಂದನ್ನು ಬರುವವರ ಕೈಯಲ್ಲಿ ಕಳಿಸಿ, ಫೋನು ಮಾಡಿದಳು.

“ಅಲ್ಲೇ ಎಲ್ಲೆರ ಒಂದು ದೇವರ ಗಿಡಕ್ಕ ಕಟ್ಟು. ಕೂಸು ಬಂದಮ್ಯಾಲೆ ನೀನ ಹೋಗಿ ಬಿಚ್ಚಬೇಕು. ನಡುವ ಯಾರರ ಬಿಚ್ಚಿದ್ರ ಹರಕಿ ಕೆಡತೈತಿ. ಮತ್ತ ಖಾಲಿ ತೊಟ್ಟಿಲ ತೂಗಬ್ಯಾಡ ನೋಡು, ಕೂಸಿಗೆ ಕೇಡು.”

ದೇವರ ಗಿಡವನ್ನು ಎಲ್ಲಿಂದ ತರುವುದು? ಅವರ ಬೀದಿಯ ಅಶ್ವತ್ಥಕಟ್ಟೆಗೆ ಕಬ್ಬಿಣದ ಬೇಲಿ ಹಾಕಿ, ಏನನ್ನೂ ಕಟ್ಟಬಾರದೆಂದು ಬೋರ್ಡು ಬರೆಸಿದ್ದರು. ತೊಟ್ಟಿಲು ಕಪಾಟಿನ ಮೇಲೆ ಕೂತಿತು. ಗಾಳಿಗೆ ಅಲುಗಾಡೀತೆಂದು ಉಮಾಶ್ರೀ ಅದರ ಎರಡೂ ಬದಿಗೆ ಡಬ್ಬಿ ಒತ್ತರಿಸಿ ಇಟ್ಟಳು.

ಆ ಡಿಸೆಂಬರಿನಲ್ಲಿ ಚನ್ನವೀರ ಅವಳ ಬೇಜಾರು ಕಳೆಯಲೆಂದು ಜೆ.ಪಿ. ನಗರದ ಒಂದು ಮಾಲಿಗೆ ಕರೆದೊಯ್ದ. ಅಲ್ಲಿ ವರ್ಷಾವರ್ಷ ಮೂರು ಮಹಡಿ ಎತ್ತರದ ಕ್ರಿಸ್‌ಮಸ್ ಗಿಡ ನಿಲ್ಲಿಸುತ್ತಾರೆ. ಗಿರಿನಗರದಿಂದ, ಕುಮಾರಸ್ವಾಮಿ ಲೇಔಟಿನಿಂದ ಮಂದಿ ಬರುತ್ತಾರೆ. ಜಯನಗರದ ಅಜ್ಜಿಯರು ಜರಿಸೀರೆಯುಟ್ಟು, ಮೊಮ್ಮಕ್ಕಳ ತಲೆಗೆ ಕೆಂಪು ಟೋಪಿ ಹಾಕಿ ಗಿಡದ ಮುಂದೆ ನಿಲ್ಲುತ್ತಾರೆ. ಹಬ್ಬ ಯಾರದಾದರೇನು, ಫೋಟೋ ನಮ್ಮದಾದರೆ ಸಾಕು. ಅಂಥ ಒಬ್ಬ ಅಜ್ಜಿ, ವಾರಿಜಾ ಎಂದು ಹೆಸರು, ಉಮಾಶ್ರೀಯ ಹೊಟ್ಟೆ ನೋಡಿ ತಾನಾಗಿಯೇ ಮಾತಾಡಿಸಿದರು.

“ಕಣ್ಮುಚ್ಚಿ ಏನಾದ್ರೂ ಬೇಡ್ಕೊಳಮ್ಮ. ನನ್ನ ಸೊಸೆ ಇಲ್ಲೇ ಬೇಡ್ಕೊಂಡಿದ್ದು. ನೋಡು, ಈ ಪೋರ ಹುಟ್ಟಿದಾನೆ.”

ಆಕೆ ನಗುತ್ತಾ ಹೇಳಿದ ಮಾತು ಅದು. ಆದರೆ ಉಮಾಶ್ರೀ ಸುತ್ತ ನೋಡಿದಳು. ಗಿಡದ ತುಂಬ ಗಂಟೆಗಳು, ನಕ್ಷತ್ರಗಳು, ಬಣ್ಣದ ಗೊಂಬೆಗಳು ನೇತಾಡುತ್ತಿದ್ದವು. ಕೆಲವರು ನಿಜವಾಗಿಯೂ ಕೈಮುಗಿದಿದ್ದರು. ಇಷ್ಟೊಂದು ಜನ ಏನೇನೋ ಕಟ್ಟಿದ್ದಾರೆ, ನನ್ನದೊಂದು ಹೆಚ್ಚಾದೀತೇ ಎಂದುಕೊಂಡಳು.

ಮರುದಿನ ಸಂಜೆ ತೊಟ್ಟಿಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು.

“ಅದು ಪ್ಲಾಸ್ಟಿಕ್ ಐತಿ, ಉಮಾ,” ಎಂದ ಚನ್ನವೀರ, ಅತ್ತಿತ್ತ ನೋಡುತ್ತಾ.

“ಮನ್ಯಾಗಿನ ದೇವರ ಫೋಟೋ ಕಾಗದದ್ದ ಅಲ್ಲೇನ್ರೀ?”

ಅವನು ಯಾರಾದರೂ ಬಂದಾರೆಂದು ಕಾವಲು ನಿಂತ. ಅವಳು ಹಸಿರು ಖಣದ ಅಂಚು ಹರಿದು, ಗಿಡದ ಹಿಂಬದಿಯ ಕೆಳಗಿನ ಕೊಂಬೆಗೆ ಗಂಟಿನ ಮೇಲೆ ಗಂಟು ಹಾಕಿ ತೊಟ್ಟಿಲು ಕಟ್ಟಿದಳು. ಅಲಂಕಾರದ ನಡುವೆ ಅದೂ ಒಂದು ಅಲಂಕಾರವಾಗಿ ಸೇರಿಹೋಯಿತು. ಆ ದಿನಗಳಲ್ಲಿ ಅವಳು ಚೆನ್ನಾಗಿ ಉಂಡಳು, ಚೆನ್ನಾಗಿ ನಿದ್ದೆ ಮಾಡಿದಳು. ಕೂಸಿಗೆ ಹೆಸರು ಯೋಚಿಸುವಷ್ಟು ಧೈರ್ಯ ಬಂದದ್ದು ಆಗಲೇ.

ಹೊಸ ವರ್ಷ ಕಳೆದ ಮೇಲೆ ನೋಡಲು ಹೋದರೆ ಗಿಡವೇ ಇಲ್ಲ. ಅದು ನಿಂತಿದ್ದಲ್ಲಿ ಮಾರಾಟದ ಹೊಸ ಕಾರೊಂದು ನಿಂತಿತ್ತು. ಗಿಡವೊಂದನ್ನು ಹಬ್ಬ ಮುಗಿದೊಡನೆ ಕಿತ್ತು ಒಯ್ಯುತ್ತಾರೆಂದು ಗುಡ್ಡದ ಕಡೆಯವರಿಗೆ ಹೇಗೆ ಹೊಳೆಯಬೇಕು? ಬಾಗಿಲಲ್ಲಿದ್ದ ಸೆಕ್ಯೂರಿಟಿ ಗಂಗಾಧರಯ್ಯನನ್ನು ಕೇಳಿದಳು. ಅವನು ಕೆಲಸಕ್ಕೆ ಸೇರಿ ಎರಡು ದಿನವೂ ಆಗಿರಲಿಲ್ಲ.

“ಬಿಚ್ಚಿರ್ತಾರೆ ಮೇಡಂ. ಮೇಲಿನ ಸಾಮಾನು ಕಸಕ್ಕೆ ಹೋಗಿರ್ಬೇಕು,” ಎಂದ, ಬಾಯಿಗೆ ಬಂದದ್ದನ್ನು.

ಸಂಕ್ರಾಂತಿಯ ಎಳ್ಳು ಬೀರಿ ಮುಗಿಯುವಷ್ಟರಲ್ಲಿ ಕೂಸು ಹೋಯಿತು. ರಕ್ತ ನಿಲ್ಲದೆ ಗರ್ಭಕೋಶವನ್ನೂ ತೆಗೆಯಬೇಕಾಯಿತು. ಇನ್ನು ಮಕ್ಕಳಿಲ್ಲ ಎಂದು ಡಾಕ್ಟರು ಚನ್ನವೀರನಿಗೆ ಹೇಳಿದರು, ಅವನು ಅವಳಿಗೆ ಹೇಳಲಾರದೆ ಗೋಡೆಯ ಕಡೆ ತಿರುಗಿ ಅತ್ತ.

ಉಮಾಶ್ರೀ ಅಳಲಿಲ್ಲ, ಸಿಟ್ಟಾದಳು. “ಅವರು ಬಿಚ್ಚ್ಯಾರ್ರೀ ಅತ್ತಿ, ಅದಕ್ಕ ಹೋತು,” ಎಂದು ಫೋನಿನಲ್ಲಿ ಒದರಿದಳು. ಮುರಿಗೆವ್ವನೂ ಮಾಲಿನವರ ವಂಶಕ್ಕೆಲ್ಲ ಹಿಡಿಶಾಪ ಹಾಕಿದಳು. ಇಡೀ ವರ್ಷ ಉಮಾಶ್ರೀ ಆ ಸಿಟ್ಟಿನ ಮೇಲೆಯೇ ಎದ್ದು ಓಡಾಡಿದಳು, ಆ ಸಿಟ್ಟಿನಿಂದಲೇ ರೊಟ್ಟಿ ತಟ್ಟಿದಳು. ಬೈಯಲು ಒಬ್ಬರಿದ್ದರೆ ದುಃಖಕ್ಕೂ ಒಂದು ಊರುಗೋಲು ಸಿಕ್ಕ ಹಾಗೆ.

ಮತ್ತೆ ಡಿಸೆಂಬರ್ ಬಂತು. ಗಂಡನಿಗೆ ಹೇಳದೆ ಒಬ್ಬಳೇ ಮಾಲಿಗೆ ಹೋದಳು. ಯಾರಿಗಾದರೂ ಎದುರು ನಿಂತು ಬೈದು ಬರಬೇಕೆಂದಿತ್ತು. ಗಿಡ ಹೋದ ವರ್ಷದ್ದೇ, ನಿಂತ ಜಾಗವೂ ಅದೇ. ಸುಮ್ಮನೆ ಹಿಂಬದಿಗೆ ಹೋದಳು. ಕೆಳಗಿನ ಕೊಂಬೆಯಲ್ಲಿ ಕೆಂಪು ತೊಟ್ಟಿಲು ನೇತಾಡುತ್ತಿತ್ತು.

ಖಣದ ಅಂಚು ಸ್ವಲ್ಪ ಮಾಸಿತ್ತು. ಗಂಟು ಅವಳದೇ, ಗಂಟಿನ ಮೇಲೆ ಗಂಟು.

ಅವಳು ಕೈ ಚಾಚಿದ್ದನ್ನು ಕಂಡು ಗಂಗಾಧರಯ್ಯ ಓಡಿಬಂದ. “ಡೆಕೋರೇಷನ್ ಮುಟ್ಬೇಡಿ ಮೇಡಂ.”

“ಇದನ್ನ ಬಿಚ್ಚ್ಯಾರ ಅಂದಿದ್ರಿ ನೀವು.”

ಅವನಿಗೆ ಅವಳ ಗುರುತು ಹತ್ತಲಿಲ್ಲ. “ಯಾವ್ದನ್ನೂ ಬಿಚ್ಚಲ್ಲ ಮೇಡಂ. ಕೊಂಬೆ ಸಮೇತ ಕಳಚಿ ಬಾಕ್ಸಲ್ಲಿ ಇಡ್ತಾರೆ. ಈ ಸಲ ಜೋಡಿಸುವಾಗ ನಾನೇ ನೋಡಿದ್ನಲ್ಲ. ಒಂದು ದಾರಾನೂ ಬಿಚ್ಚಿಲ್ಲ.”

ಹಾಗಾದರೆ ಕೂಸು ಹೋದ ದಿನ ಹರಕೆ ನೆಟ್ಟಗೇ ಇತ್ತು. ಯಾರೂ ಕೆಡಿಸಿರಲಿಲ್ಲ. ಗುಡ್ಡದ ಬನ್ನಿಗಿಡವೂ ಇಷ್ಟು ಜೋಪಾನವಾಗಿ ಕಾಯುತ್ತಿರಲಿಲ್ಲ. ವರ್ಷವಿಡೀ ಹಿಡಿದು ನಡೆದಿದ್ದ ಊರುಗೋಲು ನಿಂತಲ್ಲೇ ಕೈಜಾರಿತು. ಈಗ ಬೈಯಲು ಯಾರೂ ಉಳಿದಿರಲಿಲ್ಲ, ದೇವರು ಕೂಡ. ಉಮಾಶ್ರೀ ಮೊದಲ ಸಲ ಅತ್ತಳು.

ಅಷ್ಟರಲ್ಲಿ ಕೆಂಪು ಟೋಪಿಯ ಪುಟ್ಟ ಹುಡುಗಿಯೊಬ್ಬಳು ಓಡಿಬಂದು, ಬೆರಳಿನಿಂದ ತೊಟ್ಟಿಲನ್ನು ತಳ್ಳಿದಳು. ಅದು ತೂಗತೊಡಗಿತು. ಗಂಗಾಧರಯ್ಯ ಬೇಡ ಪುಟ್ಟಾ ಎಂದು ಅವಳ ಕೈ ಹಿಡಿಯಹೋದ.

“ಬಿಡ್ರಿ,” ಎಂದಳು ಉಮಾಶ್ರೀ. “ತೂಗಲಿ. ಇನ್ನ ಯಾರಿಗೂ ಕೇಡಿಲ್ಲ.”